ಹಸ್ತಾಂತರ ಪತ್ರಕ್ಕೆ ಸಹಿ ಹಾಕುವ ಮುಂಚೆ

ಪ್ರಶ್ನೆ: ನಮ್ಮದು ಬಳ್ಳಾರಿಯ ಹೊರಗೆ, ಸಿರುಗುಪ್ಪ ರಸ್ತೆ ಕಡೆಯ ಒಂದು ಲೇಔಟ್. ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರಾತಿ ಇದೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇದೆ. ಜಾಗ ಮಾತ್ರ ಇನ್ನೂ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದೆ. ಒಟ್ಟು 180 ಸೈಟು, 162 ಮಾರಾಟವಾಗಿವೆ. ಮನೆ ಕಟ್ಟಿಕೊಂಡು ಇರುವವರು 64 ಕುಟುಂಬ. ಮೊದಲ ಸೇಲ್ ಡೀಡ್ ಆಗಿದ್ದು 2022ರ ಜೂನ್‌ನಲ್ಲಿ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಕಟ್ಟಿದ್ದಾರೆ, ಒಂದು ದಿನವೂ ಓಡಿಲ್ಲ. ಕೊಳಚೆ ಹಿಂದಿನ ಹೊಲದ ಹಳ್ಳಕ್ಕೆ ಹೋಗುತ್ತಿದೆ, ರೈತರು ಜಗಳಕ್ಕೆ ಬರುತ್ತಿದ್ದಾರೆ. ರಸ್ತೆ ಬಿರುಕು ಬಿಟ್ಟಿದೆ. ಇಡೀ ಲೇಔಟ್‌ಗೆ ಒಂದೇ 100 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್). ಬೋರಿನ ನೀರು ಸವಳು, ಬ್ರೋಷರ್‌ನಲ್ಲಿ ‘24 ಗಂಟೆ ತುಂಗಭದ್ರಾ ನೀರು’ ಅಂತ ಇತ್ತು. ಪಾರ್ಕಿನ ಜಾಗದಲ್ಲಿ ಅವರ ಸೇಲ್ಸ್ ಆಫೀಸಿನ ಶೆಡ್ ಇದೆ. ಸೈಟಿಗೆ 40,000 ರೂಪಾಯಿ ನಿರ್ವಹಣಾ ನಿಧಿ ಅಂತ ಇಸಕೊಂಡಿದ್ದಾರೆ. ಈಗ ಡೆವಲಪರ್ ಪತ್ರ ಕಳಿಸಿದ್ದಾರೆ: ಸಂಘ ಲೇಔಟನ್ನು ಇದ್ದ ಹಾಗೆ ವಹಿಸಿಕೊಂಡು ಹಸ್ತಾಂತರ ಪತ್ರಕ್ಕೆ ಸಹಿ ಹಾಕಿದರೆ 5 ಲಕ್ಷ ಕೊಡುತ್ತಾರಂತೆ. ಪಕ್ಕದಲ್ಲೇ ಎರಡನೇ ಹಂತ ಶುರು ಮಾಡುತ್ತಿದ್ದಾರೆ, ಅದಕ್ಕೆ ನಮ್ಮ ರಸ್ತೆಯೇ ದಾರಿ. ನಮ್ಮಲ್ಲಿ ಕೆಲವರು ಬಂದದ್ದನ್ನು ತಗೊಳ್ಳೋಣ ಅನ್ನುತ್ತಾರೆ, ಕೆಲವರು ಕೇಸ್ ಹಾಕೋಣ ಅನ್ನುತ್ತಾರೆ, ಇನ್ನು ಕೆಲವರು ತಿಂಗಳ ಮೇಂಟೆನೆನ್ಸ್ ಕಟ್ಟುವುದನ್ನೇ ನಿಲ್ಲಿಸೋಣ ಅನ್ನುತ್ತಾರೆ. ಏನು ಮಾಡೋಣ?
— ಸಂಘದ ಕಾರ್ಯದರ್ಶಿ, ಬಳ್ಳಾರಿ

ಉತ್ತರ: ಸಹಿ ಹಾಕಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನಕ್ಕೆ ನೋಡೋಣ.

ಇಷ್ಟು ವರ್ಷ ಫೋನ್ ಎತ್ತದವರು ತಾವಾಗಿ ಪತ್ರ ಬರೆದು ದುಡ್ಡು ಕೊಡ್ತೀವಿ ಅಂದರೆ, ಅವರಿಗೆ ನಿಮ್ಮಿಂದ ಏನೋ ಬೇಕಾಗಿದೆ ಅಂತ ಅರ್ಥ. ಆ ‘ಏನೋ’ ಯಾವುದು ಅಂತ ತಿಳಿದುಕೊಳ್ಳದೆ ಮಾತುಕತೆಗೆ ಕೂತರೆ ನೀವು ಬೇಡುವವರಾಗುತ್ತೀರಿ, ಅವರು ಕೊಡುವವರಾಗುತ್ತಾರೆ. ನಿಮ್ಮ ಪತ್ರ ಓದಿದರೆ ನನಗೆ ಎರಡು ವಿಷಯ ಕಾಣುತ್ತವೆ.

ಒಂದು, ರೇರಾ ಕಾಯ್ದೆಯ 11ನೇ ಸೆಕ್ಷನ್. ಸಂಘ ನಿರ್ವಹಣೆಯನ್ನು ವಹಿಸಿಕೊಳ್ಳುವ ತನಕ ನೀರು, ಚರಂಡಿ, ದೀಪದಂಥ ಅಗತ್ಯ ಸೇವೆಗಳನ್ನು ನ್ಯಾಯವಾದ ಶುಲ್ಕಕ್ಕೆ ಒದಗಿಸುವುದು, ನೋಡಿಕೊಳ್ಳುವುದು ಡೆವಲಪರ್ ಕೆಲಸ. ನೀವು ಸಹಿ ಹಾಕಿದ ದಿನ ಆ ಹೊರೆ ಅವರ ಹೆಗಲಿನಿಂದ ಇಳಿದು ನಿಮ್ಮ ಹೆಗಲಿಗೆ ಬರುತ್ತದೆ. ‘ಇದ್ದ ಹಾಗೆ’ ಅನ್ನುವ ಎರಡು ಪದ ಆ ಪತ್ರದಲ್ಲಿ ಸುಮ್ನೆ ಬಂದಿಲ್ಲ. ನಾಳೆ ನೀವು ಎಸ್‌ಟಿಪಿ ಬಗ್ಗೆ ದೂರು ಕೊಟ್ಟರೆ, ‘ನೋಡಿ ಸ್ವಾಮಿ, ಎಲ್ಲ ನೋಡಿಕೊಂಡೇ ಒಪ್ಪಿಕೊಂಡಿದ್ದಾರೆ’ ಅಂತ ಅದೇ ಹಾಳೆ ಮುಂದಿಡುತ್ತಾರೆ.

ಎರಡನೆಯದು ಪಕ್ಕದ ಹಂತ. ಹೊಸ ಯೋಜನೆಯನ್ನು ರೇರಾದಲ್ಲಿ ನೋಂದಾಯಿಸುವಾಗ, ಹಿಂದಿನ ಐದು ವರ್ಷದಲ್ಲಿ ಶುರು ಮಾಡಿದ ಯೋಜನೆಗಳು ಯಾವ ಸ್ಥಿತಿಯಲ್ಲಿವೆ, ಎಷ್ಟು ತಡವಾಗಿವೆ, ಯಾವ ಕೇಸುಗಳು ಬಾಕಿ ಇವೆ ಅಂತ 4ನೇ ಸೆಕ್ಷನ್ ಪ್ರಕಾರ ಬರೆದುಕೊಡಬೇಕು. ಸೈಟು ಕೊಳ್ಳುವವರು ಈಗ ರೇರಾ ವೆಬ್‌ಸೈಟ್ ನೋಡದೆ ಮುಂಗಡ ಕೊಡುವುದಿಲ್ಲ. ಅಲ್ಲಿ ‘ಮೊದಲ ಹಂತ ಸಂಘಕ್ಕೆ ಹಸ್ತಾಂತರವಾಗಿದೆ’ ಅಂತ ಇರುವುದಕ್ಕೂ ‘162 ಸೈಟು ಮಾಲೀಕರ ಸಂಘದ ದೂರು ಬಾಕಿ ಇದೆ’ ಅಂತ ಇರುವುದಕ್ಕೂ ವ್ಯಾಪಾರದಲ್ಲಿ ಎಷ್ಟು ಫರಕು ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಜೊತೆಗೆ ಮಾರದೆ ಉಳಿದ 18 ಸೈಟು ಏನಾಗಿವೆ ಅಂತಲೂ ನೋಡಿ. ಕೆಲಸ ಆದಷ್ಟು ಆದಷ್ಟಕ್ಕೆ ಬುಡಾ ಹಂತ ಹಂತವಾಗಿ ಸೈಟುಗಳನ್ನು ಮಾರಾಟಕ್ಕೆ ಬಿಡುಗಡೆ ಮಾಡುತ್ತದೆ. ಆ 18 ಗಿರಾಕಿ ಸಿಗದೆ ಉಳಿದಿವೆಯೋ, ಬಿಡುಗಡೆಯಾಗದೆ ಉಳಿದಿವೆಯೋ? ಬಿಡುಗಡೆಯಾಗದೆ ಇದ್ದರೆ ನಿಮ್ಮ ಬಲ ಇನ್ನೂ ಜಾಸ್ತಿ.

ಇದನ್ನು ಊಹೆಯ ಮೇಲೆ ಬಿಡಬೇಡಿ. ಮಾಹಿತಿ ಹಕ್ಕಿನಲ್ಲಿ ಬುಡಾದಿಂದ ಮಂಜೂರಾದ ನಕ್ಷೆ, ಕಾಮಗಾರಿಯ ಎಸ್ಟಿಮೇಟ್, ಸೈಟು ಬಿಡುಗಡೆಯ ಆದೇಶಗಳು, ಪಾರ್ಕು ಮತ್ತು ರಸ್ತೆಯ ಹಕ್ಕು ಬಿಟ್ಟುಕೊಟ್ಟ ಪತ್ರ ಕೇಳಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಮೊದಲ ವಿಷಯಕ್ಕಷ್ಟೇ ಉತ್ತರ ಕೊಟ್ಟು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಅನ್ನಬಹುದು. ಹತ್ತು ರೂಪಾಯಿಯ ನಾಲ್ಕು ಅರ್ಜಿ ಹಾಕಿ, 30 ದಿನ ಕಾಯಿರಿ. ಅಷ್ಟರಲ್ಲಿ ಬೇರೆ ಕೆಲಸ ಬೇಕಾದಷ್ಟಿದೆ.

ನಿಮ್ಮ ದೂರುಗಳ ಪಟ್ಟಿಯಲ್ಲಿ ಡೆವಲಪರ್ ಮಾಡಲೇಬೇಕಾದದ್ದು, ಅವರಿಂದ ಆಗದೇ ಇರುವುದು, ನಿಮಗೆ ಕೇಳುವ ಹಕ್ಕೇ ಇಲ್ಲದ್ದು ಮೂರೂ ಕಲೆತುಹೋಗಿವೆ. ಹೀಗೆ ಕಲೆಸಿಟ್ಟರೆ ಅವರಿಗೆ ಅನುಕೂಲ. ಆಗದ ಒಂದನ್ನು ಹಿಡಿದುಕೊಂಡು ‘ಇವರದ್ದು ನ್ಯಾಯವಾದ ಬೇಡಿಕೆಯೇ ಅಲ್ಲ’ ಅಂದುಬಿಡುತ್ತಾರೆ.

ಎಸ್‌ಟಿಪಿಯಿಂದ ಶುರು ಮಾಡೋಣ, ಎಲ್ಲಕ್ಕಿಂತ ದೊಡ್ಡ ಖರ್ಚು ಅದೇ. ‘ಮನೆ ಕಡಿಮೆ, ಕೊಳಚೆ ಸಾಲಲ್ಲ, ಅದಕ್ಕೇ ಓಡಿಸಿಲ್ಲ’ ಅಂತ ಅವರು ಹೇಳಿರುತ್ತಾರೆ. ಇದರಲ್ಲಿ ಅರ್ಧ ನಿಜ ಇದೆ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಚರಂಡಿಗೆ ಅನ್ನುವುದು ವಾಡಿಕೆಯ ಲೆಕ್ಕ. ಮನೆಗೆ ಐದು ಜನ ಅಂತ ಹಿಡಿದರೆ 180 ಮನೆಗೆ ದಿನಕ್ಕೆ ಸುಮಾರು 97,000 ಲೀಟರ್ ಕೊಳಚೆ. ನಿಮ್ಮ 64 ಮನೆಯಿಂದ ಬರುವುದು 35,000 ಲೀಟರಿನ ಆಸುಪಾಸು. ಕೊಳಚೆಯನ್ನು ತಿಂದು ಶುದ್ಧ ಮಾಡುವ ಸೂಕ್ಷ್ಮಜೀವಿಗಳಿಗೆ ಹೊಟ್ಟೆ ತುಂಬ ಸಿಗದಿದ್ದರೆ ಪೂರ್ತಿ ಗಾತ್ರದ ಘಟಕ ಸರಿಯಾಗಿ ನಡೆಯುವುದಿಲ್ಲ, ಒಪ್ಪೋಣ. ಆದರೆ ಲೇಔಟ್ ಒಂದೇ ದಿನಕ್ಕೆ ತುಂಬುವುದಿಲ್ಲ ಅಂತ ಘಟಕ ಕಟ್ಟುವಾಗಲೇ ಗೊತ್ತಿತ್ತು ಅಲ್ವಾ? ಘಟಕದ ಒಂದು ಭಾಗವನ್ನಷ್ಟೇ ಓಡಿಸುವ ವ್ಯವಸ್ಥೆ ಮಾಡಿಕೊಡಲಿ. ಅಲ್ಲಿಯವರೆಗೆ ಸಕಿಂಗ್ ಟ್ಯಾಂಕರ್ ಖರ್ಚು ಅವರದ್ದು. ಹಳ್ಳಕ್ಕೆ ಬಿಡುವುದಂತೂ ಕೂಡಲೇ ನಿಲ್ಲಬೇಕು. ಅದು ಮಾಲಿನ್ಯ ನಿಯಂತ್ರಣ ಮಂಡಳಿಯ ವಿಷಯ. ನೀವು ವಹಿಸಿಕೊಂಡ ಮೇಲೂ ಹಾಗೇ ಹರಿದರೆ ನೋಟಿಸು ನಿಮ್ಮ ಸಂಘದ ಹೆಸರಿಗೆ ಬರುತ್ತದೆ. ಹೊಲದ ರೈತರನ್ನು ವಿರೋಧಿಗಳು ಅಂತ ನೋಡಬೇಡಿ. ಈ ವಿಷಯದಲ್ಲಿ ಅವರು ನಿಮ್ಮ ಸಾಕ್ಷಿಗಳು.

ಇನ್ನೊಂದು ಮಾತು. ಎಸ್‌ಟಿಪಿ ಓಡುವ ಸ್ಥಿತಿಗೆ ಬಂದ ಕೂಡಲೇ ಕೈಗೆ ತಗೊಳ್ಳಬೇಡಿ. ಒಂದು ವರ್ಷ ಅವರೇ ಓಡಿಸಲಿ. ಕರೆಂಟ್ ಬಿಲ್ಲು ಎಷ್ಟು, ಆಪರೇಟರ್ ಸಂಬಳ ಎಷ್ಟು, ಹೊರಬರುವ ನೀರಿನ ಪರೀಕ್ಷಾ ವರದಿ ಹೇಗಿದೆ ಅಂತ ತಿಂಗಳಿಗೊಮ್ಮೆ ನಿಮಗೆ ಕೊಡಲಿ. ಆ ಲೆಕ್ಕ ಕೈಯಲ್ಲಿದ್ದರೆ ಮಾತ್ರ 64 ಮನೆ ಅದನ್ನು ಸಾಕಬಲ್ಲವೋ ಇಲ್ಲವೋ ಅಂತ ತಿಳಿಯುತ್ತದೆ. ಪಂಚಾಯಿತಿಗೆ ಕೊಟ್ಟುಬಿಡೋಣ ಅಂತ ಕೆಲವರು ಹೇಳುತ್ತಾರೆ. ಎಸ್‌ಟಿಪಿ ಓಡಿಸುವ ಜನ, ದುಡ್ಡು ಎಷ್ಟು ಪಂಚಾಯಿತಿಗಳ ಹತ್ತಿರ ಇದೆ ಹೇಳಿ.

ರಸ್ತೆ. ನಿಮ್ಮ ಕಡೆಯದು ಎರೆ ನೆಲ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ‘ಈ ಮಣ್ಣಿಗೆ ಯಾರು ರಸ್ತೆ ಮಾಡಿದರೂ ಇಷ್ಟೇ’ ಅನ್ನುವ ಮಾತು ಬಳ್ಳಾರಿಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಮಣ್ಣು ಎಂಥದ್ದು ಅಂತ ಸೈಟು ಮಾರುವ ಮುಂಚೆಯೇ ಗೊತ್ತಿತ್ತು. ಎರೆ ಮಣ್ಣು ತೆಗೆದು ದಪ್ಪಗೆ ಗರಸು ಹಾಕಿ ರೋಲರ್ ಹೊಡೆದು, ಎರಡೂ ಬದಿ ನೀರು ನಿಲ್ಲದ ಹಾಗೆ ಮೋರಿ ಮಾಡಿದರೆ ರಸ್ತೆ ನಿಲ್ಲುತ್ತದೆ. ಬಿರುಕು ಯುಜಿಡಿ (ಒಳಚರಂಡಿ) ಚೇಂಬರುಗಳ ಸಾಲಿನಲ್ಲೇ ಹೋಗಿದೆಯಾ ನೋಡಿ. ಹೋಗಿದ್ದರೆ ಪೈಪು ಹಾಕಿದ ಮೇಲೆ ಅಗೆದ ಎರೆ ಮಣ್ಣನ್ನೇ ತುಂಬಿ ಮೇಲೆ ರಸ್ತೆ ಎಳೆದಿದ್ದಾರೆ. ಒಬ್ಬ ಸಿವಿಲ್ ಇಂಜಿನಿಯರ್ ಕರೆಸಿ, ಡೆವಲಪರ್‌ಗೆ ಮೊದಲೇ ಪತ್ರ ಕೊಟ್ಟು, ಅವರ ಕಡೆಯವರ ಎದುರಿಗೇ ರಸ್ತೆ ಅಂಚಿನಲ್ಲಿ ಮೂರು ಕಡೆ ಗುಂಡಿ ತೆಗೆಸಿ. ಗರಸು ಎಷ್ಟು ಇಂಚು, ಜಲ್ಲಿ ಎಷ್ಟು ಇಂಚು ಅಂತ ಟೇಪು ಹಿಡಿದು ಫೋಟೋ ತೆಗೆಯಿರಿ. ಬುಡಾದ ಎಸ್ಟಿಮೇಟ್‌ನಲ್ಲಿ ಇರುವ ಅಳತೆ ಪಕ್ಕದಲ್ಲಿ ಬರೆಯಿರಿ. ಮಾತುಕತೆಯಲ್ಲಿ ಹತ್ತು ಜನರ ಕೂಗಾಟಕ್ಕಿಂತ ಆ ಒಂದು ಹಾಳೆಗೆ ತೂಕ ಜಾಸ್ತಿ.

ಕಾಯ್ದೆಯ 14ನೇ ಸೆಕ್ಷನ್ ಇಲ್ಲಿ ನಿಮ್ಮ ಕಡೆ ಇದೆ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕೆಲಸದಲ್ಲಿ, ಗುಣಮಟ್ಟದಲ್ಲಿ, ಸೇವೆಯಲ್ಲಿ ಏನೇ ದೋಷ ಕಂಡು ತಿಳಿಸಿದರೂ 30 ದಿನದೊಳಗೆ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಆಗದಿದ್ದರೆ ಪರಿಹಾರ. ಸೈಟಿನ ಸ್ವಾಧೀನ ಸಾಮಾನ್ಯವಾಗಿ ಸೇಲ್ ಡೀಡ್ ದಿನವೇ ಆಗಿರುತ್ತದೆ. ಹಾಗಾಗಿ ನಿಮ್ಮಲ್ಲಿ ಮೊದಲು ಕೊಂಡವರಿಗೆ 2027ರ ಜೂನ್‌ಗೆ ಈ ಐದು ವರ್ಷ ಮುಗಿಯುತ್ತದೆ. ಬಾಯಿಮಾತಿನಲ್ಲಿ ನೂರು ಸಲ ಹೇಳಿದ್ದು ಲೆಕ್ಕಕ್ಕಿಲ್ಲ. ದೋಷಗಳ ಪಟ್ಟಿಯನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಈ ವಾರವೇ ಕಳಿಸಿ, ಮಾತುಕತೆ ಆಮೇಲೆ. ‘ಮಾತಾಡ್ತಾ ಇದ್ದೀವಲ್ಲ, ನೋಟಿಸು ಯಾಕೆ’ ಅಂತ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಟಿಸಿ ವಿಷಯ ಬೇಗ ಮುಗಿಯುತ್ತದೆ. ಮನೆಗೆ ಬರೀ 3 ಕಿಲೋವ್ಯಾಟ್ ಹಿಡಿದರೂ 64 ಮನೆಗೆ 192. ಎಲ್ಲರೂ ಒಟ್ಟಿಗೆ ಪೂರ್ತಿ ಬಳಸುವುದಿಲ್ಲ ಅನ್ನುವುದು ಸರಿ. ಆದರೆ ಬಳ್ಳಾರಿಯಲ್ಲಿ ಮೇ ತಿಂಗಳ ರಾತ್ರಿ ಹತ್ತಕ್ಕೆ ಯಾರ ಮನೆಯ ಎಸಿ, ಕೂಲರ್ ಬಂದ್ ಇರುತ್ತದೆ? ಲೇಔಟ್‌ಗೆ ವಿದ್ಯುತ್ ಕಂಪನಿ ಜೆಸ್ಕಾಂ ಮಂಜೂರು ಮಾಡಿದ ಲೋಡ್ ಎಷ್ಟು, ಎಷ್ಟು ಟಿಸಿ ಹಾಕಬೇಕಿತ್ತು ಅಂತ ಮಂಜೂರಾತಿ ಪತ್ರದಲ್ಲೇ ಇರುತ್ತದೆ. ಕಡಿಮೆ ಹಾಕಿದ್ದರೆ ಉಳಿದದ್ದು ಡೆವಲಪರ್ ಖರ್ಚು.

ನೀರಿನ ವಿಷಯದಲ್ಲಿ ಸ್ವಲ್ಪ ಕಹಿ ಮಾತು ಹೇಳಬೇಕು. ಊರಿಗೆ ಬರುವ ತುಂಗಭದ್ರಾ ನೀರು ಕಾಲುವೆಯಿಂದ ಅಲ್ಲೀಪುರ, ಮೋಕಾ ಕೆರೆಗಳಿಗೆ ತುಂಬಿ, ಅಲ್ಲಿಂದ ಪಾಲಿಕೆಯ ಪೈಪಿಗೆ ಹೋಗುತ್ತದೆ. ಪಾಲಿಕೆ ಗಡಿಯ ಹೊರಗಿನ ನಿಮ್ಮ ಲೇಔಟ್‌ಗೆ ಆ ಪೈಪು ತಂದುಕೊಡುವುದು ಯಾವ ಡೆವಲಪರ್ ಕೈಯಲ್ಲೂ ಇಲ್ಲ. ಇದನ್ನು ‘ಮಾಡಿಕೊಡಿ’ ಅಂತ ಪಟ್ಟು ಹಿಡಿದರೆ ಹತ್ತು ವರ್ಷ ಹಿಡಿದೇ ಇರುತ್ತೀರಿ. ಹಾಗಂತ ಬಿಡಬೇಕಿಲ್ಲ. ಆಗದ್ದನ್ನು ಆಗುತ್ತದೆ ಅಂತ ಬ್ರೋಷರ್‌ನಲ್ಲಿ ಅಚ್ಚು ಹಾಕಿಸಿ ದುಡ್ಡು ಇಸಕೊಂಡದ್ದಕ್ಕೆ 12ನೇ ಸೆಕ್ಷನ್‌ನಲ್ಲಿ ಪರಿಹಾರ ಇದೆ. ಮಾತುಕತೆಯಲ್ಲಿ ಅದನ್ನು ಬೇರೆ ರೂಪಕ್ಕೆ ತಿರುಗಿಸಿ: ನೀರು ಶುದ್ಧೀಕರಣ ಘಟಕ, ಇನ್ನೊಂದು ಬೋರು, ಟ್ಯಾಂಕು ಕ್ಲೀನಿಂಗ್. ನಮ್ಮ ಕಡೆಯ ಬೋರು ನೀರಿನಲ್ಲಿ ಅಲ್ಲಲ್ಲಿ ಫ್ಲೋರೈಡ್ ಇದೆ. ಮೊದಲು ನೀರು ಪರೀಕ್ಷೆ ಮಾಡಿಸಿ, ಸವಳು ಒಂದೇನಾ ಅಂತ ನೋಡಿ. ಮತ್ತೆ ಆ ಬ್ರೋಷರ್ ಯಾರ ಮನೆಯ ಅಟ್ಟದಲ್ಲಿದ್ದರೂ ಹುಡುಕಿ ತೆಗೆದು ಭದ್ರವಾಗಿಡಿ.

ಪಾರ್ಕಿನ ಶೆಡ್ ಬಗ್ಗೆ ಚೌಕಾಶಿಯೇ ಬೇಡ. ನಕ್ಷೆಯಲ್ಲಿ ಪಾರ್ಕು ಅಂತ ಬರೆದ ಜಾಗ ಡೆವಲಪರ್‌ದೂ ಅಲ್ಲ, ಸಂಘದ್ದೂ ಅಲ್ಲ. ಬೆಂಗಳೂರಿನಲ್ಲಿ ಪಾರ್ಕಿಗೆ ಮೀಸಲಾದ ಜಾಗವನ್ನು ನರ್ಸಿಂಗ್ ಹೋಮ್‌ಗೆ ಕೊಟ್ಟಿದ್ದನ್ನು ಅಲ್ಲಿನ ನಿವಾಸಿಗಳೇ ಪ್ರಶ್ನಿಸಿದ್ದರು. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರ ಕಡೆ ತೀರ್ಪು ಕೊಟ್ಟಿತು. ಆಸ್ಪತ್ರೆಗೇ ಬಿಡದ ಜಾಗವನ್ನು ಸೇಲ್ಸ್ ಆಫೀಸಿಗೆ ಬಿಡುತ್ತಾರಾ? ಆದರೆ ಪಾರ್ಕು ಬೇರೆ, ಸಿಎ ಸೈಟು (ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ) ಬೇರೆ. ಶೆಡ್ ಇರುವುದು ಸಿಎ ಸೈಟಿನಲ್ಲಾದರೆ, ಆ ಜಾಗವನ್ನು ಶಾಲೆಗೋ ಆಸ್ಪತ್ರೆಗೋ ಹಂಚುವ ಅಧಿಕಾರ ಪ್ರಾಧಿಕಾರಕ್ಕೆ ಇದೆ. ನಕ್ಷೆ ಹಿಡಿದು ಅಳತೆ ಮಾಡಿದ ಮೇಲೆಯೇ ಬಾಯಿ ತೆರೆಯಿರಿ.

ಎರಡನೇ ಹಂತದವರು ನಮ್ಮ ರಸ್ತೆ ಬಳಸುತ್ತಾರೆ ಅನ್ನುವ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ರಸ್ತೆಗಳ ಹಕ್ಕು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಾಗಿದ್ದರೆ ಅವು ಸಾರ್ವಜನಿಕ ರಸ್ತೆಗಳು. ಗೇಟು ಹಾಕಿ ತಡೆಯುವ ಹಾಗಿಲ್ಲ, ಅದನ್ನು ಬೇಡಿಕೆ ಪಟ್ಟಿಯಿಂದ ತೆಗೆಯಿರಿ. ನೀವು ಗಟ್ಟಿಯಾಗಿ ಹಿಡಿಯಬೇಕಾದದ್ದು ನೆಲದ ಕೆಳಗಿನದು. ಅವರ ಯುಜಿಡಿಯನ್ನು ನಿಮ್ಮ ಲೈನಿಗೆ, ಅವರ ನೀರಿನ ಪೈಪನ್ನು ನಿಮ್ಮ ಟ್ಯಾಂಕಿಗೆ ಜೋಡಿಸುತ್ತಾರಾ ಕೇಳಿ, ಬರಹದಲ್ಲಿ ಉತ್ತರ ತಗೊಳ್ಳಿ. 180 ಸೈಟಿಗೆ ಅಂತ ಮಂಜೂರಾದ ವ್ಯವಸ್ಥೆಯನ್ನು ಬದಲಾಯಿಸಲು ಕೊಂಡವರಲ್ಲಿ ಮೂರನೇ ಎರಡು ಭಾಗ ಜನರ ಲಿಖಿತ ಒಪ್ಪಿಗೆ ಬೇಕು ಅಂತ ಅದೇ 14ನೇ ಸೆಕ್ಷನ್ ಮುಂದಿಟ್ಟು ವಾದಿಸಬಹುದು.

ಇನ್ನು ದುಡ್ಡು. 162 ಸೈಟಿಗೆ 40,000 ಅಂದರೆ 64 ಲಕ್ಷದ 80 ಸಾವಿರ. ಅದರಲ್ಲಿ 5 ಲಕ್ಷ ವಾಪಸ್ ಕೊಟ್ಟು ‘ಕೊಡ್ತಿದ್ದೀನಿ’ ಅನ್ನುವುದು! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಅಂತ ನಮ್ಮ ಹಿರಿಯರು ಇದಕ್ಕೇ ಹೇಳಿದ್ದು. ಖರ್ಚಾಗಿದೆ ಅಂದರೆ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಲಿ. ತಿಂಗಳ ಮೇಂಟೆನೆನ್ಸ್ ಬೇರೆ, ಈ ನಿಧಿ ಬೇರೆ. ಎರಡೂ ಕಡೆ ಒಂದೇ ವಾಚ್‌ಮನ್ ಸಂಬಳ ತೋರಿಸಿರುವ ಲೆಕ್ಕಗಳನ್ನು ನಾನು ಕಂಡಿದ್ದೇನೆ. ಮೇಂಟೆನೆನ್ಸ್ ನಿಲ್ಲಿಸೋಣ ಅನ್ನುವವರಿಗೆ ಹೇಳಿ: ಬೇಡ. ನ್ಯಾಯವಾದ ಶುಲ್ಕ ಕಟ್ಟುವುದು ಕಾಯ್ದೆಯಲ್ಲಿ ನಿಮ್ಮ ಕರ್ತವ್ಯ. ನಿಲ್ಲಿಸಿದ ಮರುದಿನ ಬೀದಿ ದೀಪ ಆರಿಸಿ ‘ಇವರೇ ದುಡ್ಡು ಕಟ್ಟಿಲ್ಲ’ ಅನ್ನುತ್ತಾರೆ. ಆಕ್ಷೇಪಣೆ ಬರೆದುಕೊಟ್ಟು ಕಟ್ಟಿ, ಲೆಕ್ಕ ಕೇಳಿ.

ಮಾತುಕತೆಗೆ ಯಾರು ಹೋಗಬೇಕು? ಅದಕ್ಕೂ ಮೊದಲು ನಿಮ್ಮದು ಯಾರ ಸಂಘ ಅನ್ನುವುದನ್ನು ನೋಡಿಕೊಳ್ಳಿ. ವಾಸ ಇರುವ 64 ಕುಟುಂಬದ ಸಂಘ ಆಗಿದ್ದರೆ ‘ಉಳಿದ 98 ಜನ ನನ್ನ ಜೊತೆ ಇದ್ದಾರೆ’ ಅಂತ ಡೆವಲಪರ್ ಅನ್ನುತ್ತಾರೆ. ರೇರಾ ಮಾತಾಡುವುದು ಕೊಂಡವರ ಸಂಘದ ಬಗ್ಗೆ. ತೋರಣಗಲ್ಲಿನಲ್ಲಿ, ಬೆಂಗಳೂರಿನಲ್ಲಿ ಇದ್ದುಕೊಂಡು ಸೈಟು ಹಾಗೇ ಬಿಟ್ಟಿರುವವರನ್ನೂ ಸದಸ್ಯರಾಗಿ ಸೇರಿಸಿ, ಅವರಿಂದ ಒಪ್ಪಿಗೆ ಪತ್ರ ತರಿಸಿ. ನೋಂದಣಿ ಆಗಿಲ್ಲದಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಮಾಡಿಸಿ, ಏಳು ಜನ ಸಾಕು. ಮಾತಿಗೆ ಐದು ಜನರ ಸಮಿತಿ ಇರಲಿ. ಅದರಲ್ಲಿ ಲೆಕ್ಕ ಗೊತ್ತಿರುವವರು ಒಬ್ಬರು, ಹಗಲು ಹೊತ್ತು ಮನೆಯಲ್ಲಿ ಇದ್ದು ನೀರು ಯಾವಾಗ ಬರುತ್ತದೆ, ಚೇಂಬರ್ ಯಾವಾಗ ಉಕ್ಕುತ್ತದೆ ಅಂತ ನೋಡುವ ಹೆಣ್ಣುಮಕ್ಕಳು ಇಬ್ಬರಾದರೂ ಇರಲಿ. ಗಂಡಸರು ‘ಯುಜಿಡಿ ಸರಿ ಇಲ್ಲ’ ಅನ್ನುವ ಕಡೆ ಅವರು ‘ಮೂರನೇ ಕ್ರಾಸಿನ ಎರಡನೇ ಚೇಂಬರ್, ಬೆಳಿಗ್ಗೆ ಎಂಟಕ್ಕೆ’ ಅಂತ ಹೇಳುತ್ತಾರೆ. ಮತ್ತೆ, ಒಬ್ಬೊಬ್ಬರೇ ಡೆವಲಪರ್ ಆಫೀಸಿಗೆ ಟೀ ಕುಡಿಯಲು ಹೋಗುವ ಹಾಗಿಲ್ಲ. ಒಬ್ಬರ ಮನೆ ಮುಂದಿನ ರಸ್ತೆ ಮಾತ್ರ ರಾತ್ರೋರಾತ್ರಿ ಸರಿಯಾದರೆ ಸಂಘ ಒಡೆಯುವುದು ಅಲ್ಲಿಂದಲೇ.

ಒಪ್ಪಂದ ಕುದುರಿದರೆ ಬರಹದಲ್ಲಿ ‘ಶೀಘ್ರದಲ್ಲಿ’, ‘ಸಮರ್ಪಕವಾಗಿ’, ‘ಸಾಧ್ಯವಾದಷ್ಟು’ ಅನ್ನುವ ಪದ ಒಂದೂ ಇರಬಾರದು. ಕೊಪ್ಪಳ ಕಡೆಯ ಒಂದು ಸಂಘ ಹೀಗೇ ‘ಶೀಘ್ರದಲ್ಲಿ’ ಅಂತ ಬರೆಸಿಕೊಂಡು ಬಂದಿತ್ತು. ಎರಡು ಮಳೆಗಾಲ ಕಳೆದ ಮೇಲೆ ನನ್ನ ಹತ್ತಿರ ಬಂದಾಗ ಆ ಕಾಗದದಿಂದ ಮಾಡಲು ಏನೂ ಉಳಿದಿರಲಿಲ್ಲ. ಯಾವ ಕೆಲಸ, ಯಾವ ಅಳತೆ, ಯಾವ ತಾರೀಕು, ಆಗದಿದ್ದರೆ ಎಷ್ಟು ದುಡ್ಡು ಅಂತ ಬರೆಸಿ. ಕೆಲಸ ಮುಗಿಯುವ ತನಕ ಬ್ಯಾಂಕ್ ಗ್ಯಾರಂಟಿ ಕೊಡಲಿ, ಇಲ್ಲವೇ ಉಳಿದ 18ರಲ್ಲಿ ನಾಲ್ಕು ಸೈಟು ಮಾರುವುದಿಲ್ಲ ಅಂತ ಒಪ್ಪಲಿ. ಹಸ್ತಾಂತರವನ್ನೂ ತುಂಡು ತುಂಡಾಗಿ ಮಾಡಿ: ದೀಪ ಸರಿಯಾದರೆ ದೀಪ, ರಸ್ತೆ ಸರಿಯಾದರೆ ರಸ್ತೆ, ಎಸ್‌ಟಿಪಿ ಎಲ್ಲಕ್ಕಿಂತ ಕೊನೆಗೆ.

ನನ್ನ ಸಲಹೆ ಇನ್ನೊಂದಿದೆ. ಕೇಸು ಅಥವಾ ರಾಜಿ ಅಂತ ಎರಡಾಗಿ ಯೋಚಿಸಬೇಡಿ. ನೋಟಿಸಿನ 30 ದಿನ ಮುಗಿದ ಮೇಲೆ ಸಂಘದ ಹೆಸರಿನಲ್ಲಿ ರೇರಾಗೆ ದೂರು ಹಾಕಿ. 31ನೇ ಸೆಕ್ಷನ್‌ನಲ್ಲಿ ಸಂಘಕ್ಕೆ ಆ ಹಕ್ಕು ಇದೆ. ದೂರು ನಡೆಯುತ್ತಿರುವಾಗಲೇ ರಾಜಿಯಾದರೆ ಇಬ್ಬರೂ ಸಹಿ ಮಾಡಿದ ಜಂಟಿ ಮೆಮೊ ಸಲ್ಲಿಸಿ, ಅದನ್ನು ಆದೇಶವಾಗಿ ದಾಖಲಿಸಿಕೊಳ್ಳಿ ಅಂತ ಕೇಳಿ. ಆಗ ಅದು ನಿಮ್ಮಿಬ್ಬರ ನಡುವಿನ ಕಾಗದ ಆಗಿ ಉಳಿಯುವುದಿಲ್ಲ, ರೇರಾ ಪ್ರಾಧಿಕಾರದ ಆದೇಶ ಆಗುತ್ತದೆ. ಪೂರ್ತಿ ಕೇಸು ನಡೆಸಿ ದುಡ್ಡು ವಸೂಲಿ ಮಾಡುವ ದಾರಿ ಉದ್ದ. ಹಣದ ಆದೇಶ ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು. ಆ ಫೈಲು ಕಂದಾಯ ಇಲಾಖೆಯ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ನಿಮ್ಮ ಸಂಘದಲ್ಲಿ ಎರಡು ಚುನಾವಣೆ ಆಗಿರುತ್ತವೆ. ಅದಕ್ಕೇ ಕೆಲಸ ಮಾಡಿಸುವ ರಾಜಿ ನಿಮಗೆ ಲಾಭ. ಗ್ರಾಹಕರ ಆಯೋಗಕ್ಕೂ ಹೋಗಬಹುದು. ಲೇಔಟ್ ಅಭಿವೃದ್ಧಿಪಡಿಸಿ ಸೈಟು ಮಾರುವುದು ‘ಸೇವೆ’ಯೇ ಅಂತ 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅಲ್ಲಿಗೆ ಸಂಘದ ಹೆಸರಿನಲ್ಲಿ ಹೋದರೆ ತಕರಾರು ಬರಬಹುದು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಮಾಲೀಕರ ಸಂಘ ‘ಸ್ವಯಂಪ್ರೇರಿತ ಗ್ರಾಹಕ ಸಂಘ’ ಅಲ್ಲ ಅಂತ 2020ರಲ್ಲಿ ತೀರ್ಪಾಗಿದೆ. ಹೋಗುವುದಾದರೆ ಸದಸ್ಯರೇ ಕೂಡಿ ಹೋಗಲಿ.

ಸದ್ಯಕ್ಕೆ ಡೆವಲಪರ್ ಪತ್ರಕ್ಕೆ ಇಷ್ಟೇ ಉತ್ತರ ಬರೆಯಿರಿ, ಇದಕ್ಕಿಂತ ಒಂದು ಸಾಲೂ ಜಾಸ್ತಿ ಬೇಡ: ‘ನಿಮ್ಮ ಪತ್ರ ತಲುಪಿದೆ. ಮಂಜೂರಾದ ನಕ್ಷೆ ಮತ್ತು ಎಸ್ಟಿಮೇಟ್ ಪ್ರಕಾರ ಕೆಲಸಗಳು ಮುಗಿದಿವೆಯೇ ಎಂದು ಜಂಟಿಯಾಗಿ ಪರಿಶೀಲಿಸಿದ ಮೇಲೆಯೇ ಹಸ್ತಾಂತರದ ವಿಷಯ ಸಂಘದ ಸಾಮಾನ್ಯ ಸಭೆಯ ಮುಂದೆ ಬರುತ್ತದೆ. ಪರಿಶೀಲನೆಗೆ ನಿಮಗೆ ಅನುಕೂಲವಾದ ತಾರೀಕನ್ನು 15 ದಿನದೊಳಗೆ ತಿಳಿಸಿ. ಬರುವಾಗ ನಿರ್ವಹಣಾ ನಿಧಿಯ ಲೆಕ್ಕಪತ್ರ ತನ್ನಿ.’